ಆರ್ಕಿಟೆಕ್ಟ್ ಆರಿಸುವ ಮುಂಚೆ ಅವರ ಹಳೇ ಮನೆಯೊಂದನ್ನು ನೋಡಿ ಬನ್ನಿ

ಒಂದೇ ಮನೆಗೆ ನಾವು ಇಬ್ಬರು ಆರ್ಕಿಟೆಕ್ಟ್‌ಗಳನ್ನು ಹಿಡಿಯಬೇಕಾಯಿತು. ಮೊದಲನೆಯವರನ್ನು ಒಪ್ಪಿದ್ದು ಅವರು ತೋರಿಸಿದ ತ್ರೀಡಿ ಚಿತ್ರ ನೋಡಿ. ಸಂಜೆ ಬೆಳಕು, ಬಾಲ್ಕನಿ ತುಂಬ ಗಿಡ. ಇವತ್ತೇ ಹೋಗಿ ಇದ್ದುಬಿಡೋಣ ಅನ್ನಿಸುವ ಹಾಗಿತ್ತು. ಪಾಯ ಮುಗಿದು ಗೋಡೆ ಏಳುವಾಗ, ಮೆಟ್ಟಿಲ ಮೇಲೆ ಬರುವ ಬೀಮ್ ತಲೆಗೆ ಬಡಿಯುತ್ತದೆ ಅಂತ ಮೇಸ್ತ್ರಿ ಹೇಳಿದರು. ಮೆಟ್ಟಿಲನ್ನು ಉದ್ದಕ್ಕೆ ಸೀಳಿದ ಹಾಗೆ ಎತ್ತರ ತೋರಿಸುವ ಸೆಕ್ಷನ್ ಡ್ರಾಯಿಂಗ್ ಕೇಳಿದರೆ, ಅದನ್ನು ಬರೆದೇ ಇರಲಿಲ್ಲ. ಸೈಟ್‌ಗೆ ಬನ್ನಿ ಅಂದರೆ "ಅದು ನನ್ನ ಫೀಯಲ್ಲಿ ಸೇರಿಲ್ಲ" ಅಂದರು. ಸೇರಿದೆ ಅಂತ ತೋರಿಸಲು ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಎರಡನೇ ಸಲ ಹುಡುಕುವ ಮುಂಚೆ ಮನೆಯವರೆಲ್ಲ ಕೂತು ಎರಡು ಪುಟ ಬರೆದೆವು. ಎಷ್ಟು ರೂಮು ಬೇಕು ಅಂತಲ್ಲ, ನಾವು ಹೇಗೆ ಬದುಕುತ್ತೇವೆ ಅಂತ. ಬೆಳಗ್ಗೆ ಮೊದಲು ಏಳುವವರು ಯಾರು, ಒದ್ದೆ ಬಟ್ಟೆ ಎಲ್ಲಿ ಒಣಗಬೇಕು, ಮಂಡಿ ನೋವಿರುವ ಅಮ್ಮ ಎಲ್ಲಿ ಮಲಗಬೇಕು. ಕೊನೆಗೆ ನಮ್ಮ ಬಜೆಟ್. ಅದನ್ನು ಮುಚ್ಚಿಡಬೇಡಿ. ನಿಜವಾದ ಮೊತ್ತ ಗೊತ್ತಿಲ್ಲದೆ ಯಾರೂ ನಿಮಗೆ ಹೊಂದುವ ಮನೆ ಬರೆಯಲಾರರು. ನಾವು ಒಟ್ಟು ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಅನಿರೀಕ್ಷಿತ ಖರ್ಚಿಗೆ ಅಂತ ಮುಟ್ಟದೆ ಇಟ್ಟೆವು.

ಮೂವರನ್ನು ಭೇಟಿಯಾದೆವು. ಅದಕ್ಕೂ ಮೊದಲು ನೋಂದಣಿ ನೋಡಿದೆವು. ಎಷ್ಟೋ ದೇಶಗಳಲ್ಲಿ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವ ಹಾಗೇ ಇಲ್ಲ. ನಂಬರ್ ಕೇಳಿ, ಸರ್ಕಾರಿ ಪಟ್ಟಿಯಲ್ಲಿ ಹುಡುಕಿ. ಐದು ನಿಮಿಷದ ಕೆಲಸ.

ಆಮೇಲೆ ಮಾಡಿದ್ದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಅವರು ಮಾಡಿಕೊಟ್ಟ, ಜನ ವಾಸವಿರುವ, ಕನಿಷ್ಠ ಮೂರು ಮಳೆಗಾಲ ಕಂಡ ಮನೆ ತೋರಿಸಿ ಅಂತ ಮೂವರನ್ನೂ ಕೇಳಿದೆವು. ಮನೆಯವರ ಜೊತೆ ಮಾತಾಡುವಾಗ ಆರ್ಕಿಟೆಕ್ಟ್ ಪಕ್ಕದಲ್ಲಿ ಇರಬಾರದು. ಯಾವ ಗೋಡೆ ಒದ್ದೆಯಾಗುತ್ತದೆ? ಹಗಲಲ್ಲೂ ಎಲ್ಲಿ ಲೈಟ್ ಹಾಕಬೇಕು? ಮೊದಲು ಹೇಳಿದ ಖರ್ಚೆಷ್ಟು, ಕೊನೆಗೆ ಆಗಿದ್ದೆಷ್ಟು? ತಪ್ಪಾದಾಗ ಅವರು ಏನು ಮಾಡಿದರು? ಒಂದು ಮನೆಯಲ್ಲಿ ಯಜಮಾನರು ಕಿಟಕಿ ಪಕ್ಕದ ಗೋಡೆಯಲ್ಲಿ ನೀರಿನ ಹಳೇ ಕಲೆ ತೋರಿಸಿದರು. ಕಿಟಕಿ ಮೇಲೆ ಚಾಚಿರುವ ಸಜ್ಜಾ ಅಂಚಿನ ಅಡಿಯಲ್ಲಿ ಒಂದು ಸಣ್ಣ ಗೀರು ಇರಬೇಕು. ಅದಿಲ್ಲದಿದ್ದರೆ ನೀರು ಕೆಳಗೆ ತೊಟ್ಟಿಕ್ಕದೆ ಸಜ್ಜಾ ಹಿಡಿದುಕೊಂಡೇ ಗೋಡೆಗೆ ಬರುತ್ತದೆ. ಅಲ್ಲಿ ಅದು ತಪ್ಪಿಹೋಗಿತ್ತು. ಫೋನ್ ಮಾಡಿದ ವಾರದಲ್ಲೇ ಆರ್ಕಿಟೆಕ್ಟ್ ಬಂದು, ಏಣಿ ಹತ್ತಿ ನೋಡಿ, ನಿಂತು ಸರಿ ಮಾಡಿಸಿದರಂತೆ. ನಾವು ಅವರನ್ನೇ ಆರಿಸಿದೆವು. ಕಲೆಯೇ ಇಲ್ಲದ ಮನೆ ತೋರಿಸಿದವರಿಗಿಂತ ಇವರ ಮೇಲೆ ನನಗೆ ಜಾಸ್ತಿ ನಂಬಿಕೆ ಬಂತು.

ಭೇಟಿಯಲ್ಲಿ ಕೇಳಲೇಬೇಕಾದ ಇನ್ನೊಂದು ಮಾತಿದೆ. ನಮ್ಮ ಕೆಲಸ ನೋಡಿಕೊಳ್ಳುವವರು ನೀವೋ, ನಿಮ್ಮ ಆಫೀಸಿನ ಬೇರೆಯವರೋ? ಬೇರೆಯವರಾದರೆ ಅವರನ್ನೂ ಅಂದೇ ಮಾತಾಡಿಸಿ. ಮೂವರಿಂದಲೂ ಸುಮ್ನೆ ಪುಕ್ಕಟೆ ಪ್ಲಾನ್ ಬರೆಸಬೇಡಿ. ಜಾಗ ನೋಡದೆ ಬರೆದ ಪ್ಲಾನ್‌ನಿಂದ ಏನೂ ತಿಳಿಯುವುದಿಲ್ಲ.

ಫೀ ಸಾಮಾನ್ಯವಾಗಿ ಮೂರು ಥರ: ಕಟ್ಟಡದ ಖರ್ಚಿನ ಶೇಕಡಾವಾರು, ಒಟ್ಟು ಇಷ್ಟು ಅಂತ, ಇಲ್ಲವೇ ಗಂಟೆ ಲೆಕ್ಕ. ಶೇಕಡಾವಾರು ಆದರೆ ಯಾವ ಖರ್ಚಿನ ಮೇಲೆ, ಅಂದಾಜಿನ ಮೇಲೋ ಕೊನೆಯ ಲೆಕ್ಕದ ಮೇಲೋ ಅಂತ ಬರೆಸಿಕೊಳ್ಳಿ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ.

ಸ್ನೇಹ ಇದೆ ಅಂತ ಕರಾರು ಬಿಡಬೇಡಿ. ಅಮೆರಿಕದ ಇಲಿನಾಯ್‌ನಲ್ಲಿ 1951ರಲ್ಲಿ ಮುಗಿದ ಫಾರ್ನ್ಸ್‌ವರ್ತ್ ಹೌಸ್ ಇವತ್ತಿಗೂ ಹೆಸರಾದ ಗಾಜಿನ ಮನೆ. ಅದನ್ನು ಕಟ್ಟಿಸಿದ ಡಾಕ್ಟರ್ ಎಡಿತ್ ಫಾರ್ನ್ಸ್‌ವರ್ತ್, ವಿನ್ಯಾಸ ಮಾಡಿದ ಮೀಸ್ ವಾನ್ ಡೆರ್ ರೋಹೆ ಮೊದಲು ಗೆಳೆಯರಾಗಿದ್ದರು. ಖರ್ಚಿನ ಜಗಳ ಕೋರ್ಟಿಗೆ ಹೋಯಿತು.

ಕರಾರಿನಲ್ಲಿ ಡ್ರಾಯಿಂಗ್‌ಗಳ ಪಟ್ಟಿ ಇರಲಿ. ಅನುಮತಿಗೆ ಕೊಡುವ ಡ್ರಾಯಿಂಗ್ ಬೇರೆ, ಮೇಸ್ತ್ರಿ ಕೈಗೆ ಕೊಡುವ ವರ್ಕಿಂಗ್ ಡ್ರಾಯಿಂಗ್ ಬೇರೆ. ಮೊದಲನೆಯದನ್ನಷ್ಟೇ ನಂಬಿ ನಾವು ಕೆಟ್ಟೆವು. ಸೈಟ್‌ಗೆ ಎಷ್ಟು ಸಲ ಬರುತ್ತಾರೆ, ಪ್ಲಾನ್ ಎಷ್ಟು ಸಲ ಬದಲಿಸಿಕೊಡುತ್ತಾರೆ, ಬೀಮ್, ಕಂಬಗಳ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್‌ಗೂ ಮಣ್ಣಿನ ಪರೀಕ್ಷೆಗೂ ಯಾರು ದುಡ್ಡು ಕೊಡಬೇಕು, ಎಲ್ಲವೂ ಅಲ್ಲಿರಲಿ. ಮಧ್ಯದಲ್ಲಿ ಬಿಟ್ಟರೆ ಡ್ರಾಯಿಂಗ್ ಬಳಸುವ ಅನುಮತಿ ನಿಮಗಿದೆಯಾ ಅನ್ನುವುದೂ ಇರಲಿ. ಸಾಮಾನ್ಯವಾಗಿ ಅದರ ಹಕ್ಕು ಆರ್ಕಿಟೆಕ್ಟ್‌ದೇ. ನಮ್ಮ ಮೊದಲ ಡ್ರಾಯಿಂಗ್‌ಗಳು ನಮಗೆ ಸಿಗಲೇ ಇಲ್ಲ. ಎರಡನೆಯವರು ಟೇಪ್ ಹಿಡಿದು, ಎದ್ದಿದ್ದ ಗೋಡೆಗಳನ್ನೆಲ್ಲ ಅಳೆದು, ಮೊದಲಿಂದ ಬರೆದರು.