ಬಾಲ ಹಿಡಿದು ಪದ ಹುಡುಕುವುದು

ಪದಬಂಧದ ಹುಚ್ಚಿರುವ ಗೆಳೆಯನೊಬ್ಬ ಒಂದು ಸಂಜೆ ಚೀಟಿಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬರೆದುಕೊಟ್ಟ: ಇ, ಎಲ್, ಎನ್, ಎಸ್. ಇವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಐದನೆಯ ಅಕ್ಷರ ಮಾತ್ರ ಕೂಡದು. ಎಷ್ಟು ಉದ್ದದ ಪದ ಸಿಗುತ್ತದೆ ನೋಡು ಎಂದ. ಲೆನ್ಸ್, ಎಲ್ಸ್, ಸೆನ್ಸ್ ಕೂಡಲೇ ಬಂದವು. ‘ಕಡಿಮೆ ಮಾಡುತ್ತದೆ’ ಎಂಬರ್ಥದ ಲೆಸೆನ್ಸ್ ಹೊಳೆದಾಗ ಏಳು ಅಕ್ಷರ ಆಯಿತು. ಅಲ್ಲಿಂದ ಮುಂದೆ ಒಂದು ಗಂಟೆ ಕೂತರೂ ಏನೂ ಬರಲಿಲ್ಲ.

ನಾನು ಮಾಡುತ್ತಿದ್ದದ್ದು ಅಕ್ಷರಗಳನ್ನು ಹಿಂದೆ ಮುಂದೆ ಮಾಡುವ ಕೆಲಸ. ಅದರಿಂದ ಗಿಡ್ಡ ಪದಗಳಷ್ಟೇ ಸಿಗುತ್ತವೆ. ಉದ್ದದ ಪದಗಳು ಸಾಮಾನ್ಯವಾಗಿ ಹುಟ್ಟಿದಂತೆಯೇ ಉದ್ದವಾಗಿರುವುದಿಲ್ಲ, ಪ್ರತ್ಯಯ ಹಚ್ಚಿಕೊಂಡು ಬೆಳೆದಿರುತ್ತವೆ. ಶಾಲೆಯಲ್ಲಿ ಪ್ರಕೃತಿ, ಪ್ರತ್ಯಯ ಎಂದು ಬಿಡಿಸಿ ಬರೆದು ಕಲಿತ ನನಗೆ ಇದು ತಟ್ಟನೆ ನೆನಪಾಗಬೇಕಿತ್ತು. ಚೀಟಿಯನ್ನು ಮತ್ತೆ ನೋಡಿದಾಗ ಕಂಡಿತು: ‘ಲೆಸ್’ ಎಂಬ ಪ್ರತ್ಯಯ ಈ ನಾಲ್ಕು ಅಕ್ಷರಗಳಲ್ಲೇ ಇದೆ, ‘ನೆಸ್’ ಕೂಡ ಇದೆ. ಸೆನ್ಸ್‌ಗೆ ಲೆಸ್ ಸೇರಿಸಿದರೆ ಒಂಬತ್ತು ಅಕ್ಷರ. ಅದಕ್ಕೆ ನೆಸ್ ಸೇರಿಸಿದರೆ ಸೆನ್ಸ್‌ಲೆಸ್‌ನೆಸ್, ಹದಿಮೂರು ಅಕ್ಷರ. ಕನ್ನಡದ ‘ಅರ್ಥಹೀನತೆ’ಯೂ ಇದೇ ಕಟ್ಟಡ: ಅರ್ಥ, ಹೀನ, ತೆ. ಪಿ ಅಕ್ಷರವನ್ನೂ ಕೊಟ್ಟಿದ್ದರೆ ಸ್ಲೀಪ್‌ಲೆಸ್‌ನೆಸ್ ಸಿಗುತ್ತಿತ್ತು, ಅದೂ ಹದಿಮೂರೇ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಅಕ್ಷರಗಳು ಕೈಗೆ ಬಂದ ಕೂಡಲೇ ಪದ ಹುಡುಕುವುದಿಲ್ಲ. ಅವುಗಳಲ್ಲಿ ಯಾವ ಬಾಲಗಳು ಹಿಡಿಸುತ್ತವೆ ಎಂದು ಮೊದಲು ನೋಡುತ್ತೇನೆ: ಲೆಸ್, ನೆಸ್, ಏಬಲ್, ಇಂಗ್, ಷನ್, ಮೆಂಟ್, ಇಟಿ. ಬಾಲ ಸಿಕ್ಕಿದ ಮೇಲೆ ಅದರ ಹಿಂದಿನಿಂದ ಪದವನ್ನು ಕಟ್ಟುತ್ತಾ ಬರುತ್ತೇನೆ. ಇ ಅಕ್ಷರವೇ ಬೇಡ ಎಂಬ ನಿಯಮವಿದ್ದರೆ ಲೆಸ್, ನೆಸ್, ಏಬಲ್, ಮೆಂಟ್ ಎಲ್ಲವೂ ಹೋಗಿ ಇಂಗ್, ಷನ್, ಇಟಿ ಉಳಿಯುತ್ತವೆ. ಹುಡುಕುವ ದಾರಿ ಅರ್ಧಕ್ಕರ್ಧ ಅಲ್ಲೇ ತಿಳಿಯಾಗುತ್ತದೆ.

ಯಾವ ಅಕ್ಷರವೂ ಎರಡು ಸಲ ಬರಬಾರದು ಎಂಬ ಆಟದಲ್ಲಿ ಇದೇ ಬಾಲಗಳು ತಿರುಗಿಬೀಳುತ್ತವೆ. ಲೆಸ್, ನೆಸ್ ಎರಡರಲ್ಲೂ ಎಸ್ ಎರಡೆರಡು ಸಲ ಇದೆ, ಅವನ್ನು ಮುಟ್ಟುವಂತಿಲ್ಲ. ಆದರೆ ಏಬಲ್ ಶುದ್ಧವಾಗಿದೆ: ಎ, ಬಿ, ಎಲ್, ಇ. ಅದರ ಹಿಂದೆ ರೈಟ್ ಇಡಿ: ಆರ್, ಐ, ಜಿ, ಎಚ್, ಟಿ. ಅದರ ಹಿಂದೆ ಕಾಪಿ: ಸಿ, ಓ, ಪಿ, ವೈ. ಎಲ್ಲಕ್ಕಿಂತ ಮುಂದೆ ಅನ್: ಯು, ಎನ್. ನಾಲ್ಕು ತುಂಡುಗಳಲ್ಲಿ ಒಂದರ ಅಕ್ಷರ ಇನ್ನೊಂದರಲ್ಲಿಲ್ಲ. ಹಕ್ಕುಸ್ವಾಮ್ಯಕ್ಕೆ ಒಳಪಡಿಸಲಾಗದ್ದು ಎಂಬರ್ಥದ ಅನ್‌ಕಾಪಿರೈಟಬಲ್, ಹದಿನೈದು ಅಕ್ಷರ, ಒಂದೂ ಮರುಕಳಿಸುವುದಿಲ್ಲ. ಇದು ಪದಪ್ರಿಯರಲ್ಲಿ ಹೆಸರಾದ ಪದ. ಆದರೂ ಅದನ್ನು ಹೀಗೆ ಬಿಡಿಸಿ ನೋಡಿದ ದಿನ ನನಗಾದ ಸಂತೋಷ ಈಗಲೂ ಕಡಿಮೆಯಾಗಿಲ್ಲ.

ಕನ್ನಡ ಓದುವವರಿಗೆ ಇಲ್ಲಿ ಒಂದು ತೊಡಕಿದೆ. ನಾವು ಪದವನ್ನು ಕಿವಿಯಿಂದ ಹಿಡಿಯುತ್ತೇವೆ. ಕೇಳಿದ್ದನ್ನೇ ಬರೆದು, ಬರೆದದ್ದನ್ನೇ ಓದಿ ರೂಢಿ. ಇಂಗ್ಲಿಷಿನ ರೈಟ್‌ನಲ್ಲಿ ಜಿ ಮತ್ತು ಎಚ್ ಸದ್ದಿಲ್ಲದೆ ಕೂತಿರುತ್ತವೆ. ಅದಕ್ಕಾಗಿ ನಾನು ಪದವನ್ನು ಬಾಯಲ್ಲಿ ಹೇಳಿಕೊಳ್ಳುವುದನ್ನು ಬಿಟ್ಟು, ದೊಡ್ಡಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆದು ನೋಡುತ್ತೇನೆ.

ಕಂಪ್ಯೂಟರ್ ನೆರವನ್ನು ಪಡೆಯುವುದು ತಪ್ಪೇನಲ್ಲ. 1973ರ ಹೊತ್ತಿಗೆ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯಾದ ಯುನಿಕ್ಸ್‌ನಲ್ಲಿ ಸೇರಿದ, ಕೆನ್ ಥಾಂಪ್ಸನ್ ಬರೆದ ಗ್ರೆಪ್ ಎಂಬ ಪುಟ್ಟ ಸಾಧನ ಇದಕ್ಕೆ ಸಾಕು. ನಾವು ಕೊಟ್ಟ ಮಾದರಿಗೆ ಹೊಂದುವ ಸಾಲುಗಳನ್ನು ಅದು ಪದಪಟ್ಟಿಯಿಂದ ಹೆಕ್ಕಿ ತೋರಿಸುತ್ತದೆ. ಮಾದರಿ ಹೀಗೆ: ಚೌಕಾವರಣದೊಳಗೆ ನಿಮ್ಮ ಅಕ್ಷರಗಳು, ಅದರ ನಂತರ ನಕ್ಷತ್ರ ಚಿಹ್ನೆ, ಎಲ್ಲಕ್ಕೂ ಮೊದಲು ಕ್ಯಾರೆಟ್ ಎಂಬ ^ ಚಿಹ್ನೆ, ಕೊನೆಗೆ ಡಾಲರ್ ಚಿಹ್ನೆ. ಈ ಮೊದಲಿನ ಮತ್ತು ಕೊನೆಯ ಚಿಹ್ನೆಗಳನ್ನು ಮರೆತು ನಾನು ಒಮ್ಮೆ ಇಡೀ ಪಟ್ಟಿಯನ್ನೇ ತೆರೆಯ ಮೇಲೆ ಸುರಿದುಕೊಂಡಿದ್ದೇನೆ. ಅವು ಇದ್ದರೆ ಮಾತ್ರ ‘ಪದದ ಆದಿಯಿಂದ ಅಂತ್ಯದವರೆಗೆ ಈ ಅಕ್ಷರಗಳೇ’ ಎಂಬ ಅರ್ಥ ಬರುತ್ತದೆ. ‘ಈ ಅಕ್ಷರಗಳೆಲ್ಲ ಇರಬೇಕು, ಬೇರೆಯವೂ ಇರಲಿ’ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಒಂದೊಂದೇ ಅಕ್ಷರದಿಂದ ಸೋಸುತ್ತಾ ಹೋಗುತ್ತೇನೆ, ಅಪರೂಪದ ಅಕ್ಷರವನ್ನು ಮೊದಲು ಹಾಕಿ.

ಅಕ್ಷರಗಳು ಒತ್ತೊತ್ತಾಗಿ ಒಂದರ ಪಕ್ಕ ಒಂದು ಬರಬೇಕು ಎಂದಾಗ ಬಾಲದಿಂದ ಅಷ್ಟು ಪ್ರಯೋಜನವಿಲ್ಲ. ಬೆಸುಗೆಯ ಜಾಗ ನೋಡಬೇಕು. ಕನ್ನಡದಲ್ಲಿ ಎರಡು ಪದ ಸೇರಿದರೆ ಸಂಧಿಯಾಗಿ ಕೆಲವೊಮ್ಮೆ ಒಂದಕ್ಷರ ಲೋಪವಾಗುತ್ತದೆ, ಕೆಲವೊಮ್ಮೆ ಇನ್ನೊಂದು ಆಗಮವಾಗುತ್ತದೆ. ಇಂಗ್ಲಿಷ್ ಸಮಾಸಗಳಲ್ಲಿ ಬಹುಮಟ್ಟಿಗೆ ಹಾಗಾಗುವುದಿಲ್ಲ, ಎರಡೂ ಪದಗಳು ತಮ್ಮ ಅಕ್ಷರಗಳನ್ನು ಬಿಟ್ಟುಕೊಡದೆ ಎದುರುಬದುರು ನಿಲ್ಲುತ್ತವೆ. ಬುಕ್‌ಕೀಪರ್‌ನಲ್ಲಿ ಎರಡು ಓ, ಎರಡು ಕೆ, ಎರಡು ಇ ಸಾಲಾಗಿ ಬಂದದ್ದು ಹೀಗೆ. ಟಿ, ಸಿ, ಎಚ್, ಪಿ, ಎಚ್, ಆರ್ ಎಂಬ ಆರು ವ್ಯಂಜನಗಳ ಸಾಲು ಎಲ್ಲಿದೆ ಎಂದು ಕೇಳಿದರೆ ಯಾರಾದರೂ ತಲೆ ಕೆರೆದುಕೊಳ್ಳಬೇಕು. ಕ್ಯಾಚ್ ಮತ್ತು ಫ್ರೇಸ್ ಕೂಡಿದ ಕ್ಯಾಚ್‌ಫ್ರೇಸ್‌ನ ನಡುವೆ ಅದು ಇದೆ.

ನುಡಿಗಟ್ಟುಗಳ ವಿಷಯದಲ್ಲಿ ನಾನು ಬಹಳ ದಿನ ಎಡವಿದೆ. ಕೀಲಿಮಣೆಯ ಅಕ್ಷರಗಳ ಮೇಲಿನ ಸಾಲನ್ನಷ್ಟೇ ಬಳಸಿದ ಪದ ಯಾವುದು ಎಂಬುದು ಹಳೆಯ ಪ್ರಶ್ನೆ. ಟೈಪ್‌ರೈಟರ್ ಎಂಬ ಪದವೇ ಅದಕ್ಕೆ ಉತ್ತರವಾಗಿರುವುದು ಸೊಗಸು. ಪ್ರೊಪ್ರೈಟರ್, ಪರ್ಪೆಚುಯಿಟಿ, ರೆಪರ್ಟ್ವಾರ್ ಕೂಡ ಅದರಂತೆ ಹತ್ತಕ್ಷರದವು. ನನ್ನ ಬಳಿ ಇದ್ದದ್ದು ಎನೇಬಲ್ ಎಂಬ ಪಟ್ಟಿ, ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಮಿಕ್ಕ ಪದಗಳದ್ದು. ಅದರಲ್ಲಿ ಪರಿಚಿತ ಪದಗಳೆಲ್ಲ ಹತ್ತಕ್ಕೇ ನಿಂತವು. ಆ ಪಟ್ಟಿಯಲ್ಲಿ ಅಡ್ಡಗೆರೆ ಇರುವ ಪದಗಳಾಗಲಿ, ಬಿಡಿಸಿ ಬರೆದ ನುಡಿಗಟ್ಟುಗಳಾಗಲಿ ಇಲ್ಲ ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಆಮೇಲೆ ಇಂಗ್ಲಿಷ್ ವಿಕ್ಷನರಿ ಎಂಬ ಅಂತರ್ಜಾಲ ನಿಘಂಟಿನ ಶೀರ್ಷಿಕೆಗಳ ಪಟ್ಟಿಯನ್ನು ಇಳಿಸಿಕೊಂಡೆ. ಖಾಲಿ ಜಾಗ, ಅಡಿಗೆರೆ, ಅಡ್ಡಗೆರೆಗಳನ್ನೆಲ್ಲ ತೆಗೆದ ಪ್ರತಿಯಲ್ಲಿ ಹುಡುಕಿ, ಮೂಲ ರೂಪವನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಪಿಯರ್-ಟು-ಪಿಯರ್ ಬಂತು, ಹತ್ತು ಅಕ್ಷರ. ಅದರ ಹಿಂದೆಯೇ ಟೀಟರ್-ಟಾಟರ್ ಬಂತು, ಮಕ್ಕಳು ಎರಡು ತುದಿಯಲ್ಲಿ ಕೂತು ಆಡುವ ಏರಿಳಿತದ ಹಲಗೆ. ಬೆರಳಿಟ್ಟು ಎಣಿಸಿದೆ: ಹನ್ನೆರಡು. ಬಳಸಿದ ಅಕ್ಷರಗಳು ಟಿ, ಇ, ಆರ್, ಓ, ನಾಲ್ಕೇ!

ನುಡಿಗಟ್ಟು ಎಂದರೆ ಯಾವುದು ಎಂಬುದನ್ನು ಹುಡುಕುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಪದಗಳನ್ನು ಪೋಣಿಸುತ್ತಾ ಎಷ್ಟು ಉದ್ದ ಬೇಕಾದರೂ ಹೋಗಬಹುದು. ನಿಘಂಟಿನಲ್ಲಿ ತಾನೇ ಒಂದು ನಮೂದಾಗಿ ಇರಬೇಕು ಎಂಬುದು ನನ್ನ ನಿಯಮ. ಈಗ ಕೀಲಿಮಣೆಯ ನಡುಸಾಲಿನ ಬೆನ್ನು ಹತ್ತಿದ್ದೇನೆ. ಕೆಳಸಾಲಿನಲ್ಲಿ ಸ್ವರವೇ ಇಲ್ಲ, ಅದನ್ನು ಕೈಬಿಟ್ಟಾಗಿದೆ. ನಡುಸಾಲಿನಲ್ಲಿ ಎ ಒಂದೇ ಸ್ವರ, ನನಗೆ ಗೊತ್ತಿರುವ ಬಾಲಗಳಲ್ಲಿ ಒಂದೂ ಅಲ್ಲಿ ಹಿಡಿಸುವುದಿಲ್ಲ. ಅಲ್ಫಾಲ್ಫಾ ಸಿಕ್ಕಿದೆ, ಏಳು ಅಕ್ಷರ. ಮೊನ್ನೆ ಹಾಫ್ ಎ ಗ್ಲಾಸ್ ಹೊಳೆಯಿತು. ಹತ್ತು ಅಕ್ಷರ, ಎಲ್ಲವೂ ನಡುಸಾಲಿನವೇ. ನಿಘಂಟಿನಲ್ಲಿ ಹುಡುಕಿದೆ, ನಮೂದು ಇಲ್ಲ. ಪುಸ್ತಕದಲ್ಲಿ ಅದರ ಮೇಲೆ ಗೆರೆ ಎಳೆದು, ಕೆಳಗಿನ ಸಾಲನ್ನು ಖಾಲಿ ಬಿಟ್ಟಿದ್ದೇನೆ.