ಕಣ್ಣು ಕಾಣದವರಿಗೂ ಚಿತ್ರ, ಕಿವಿ ಕೇಳದವರಿಗೂ ವಿಡಿಯೊ: ಜಾಲತಾಣಕ್ಕೆ ಹೀಗೆ ಹಾಕಿ

ಟೊಮೆಟೊ ದರ, ಸಂಘದ ಸಭೆ, ಶಾಲೆಯ ಪ್ರವೇಶ, ಎಲ್ಲವನ್ನೂ ಪೋಸ್ಟರ್ ಮಾಡಿ ಜಾಲತಾಣಕ್ಕೆ ಏರಿಸುವುದು ಕೋಲಾರದ ಕಡೆ ರೂಢಿಯಾಗಿದೆ. ಕಣ್ಣು ಕಾಣದವರು ಬಳಸುವ, ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ಗೆ ಪೋಸ್ಟರ್ ಎಂದರೆ ಬರೀ ಚಿತ್ರ. ಒಳಗಿನ ಅಕ್ಷರಗಳನ್ನು ಅದು ಸರಿಯಾಗಿ ಓದುತ್ತದೆಂದು ನೆಚ್ಚುವಂತಿಲ್ಲ. ಹಾಗಾಗಿ ದಿನಾಂಕ, ಜಾಗ, ದರವನ್ನು ಪೋಸ್ಟರ್ ಕೆಳಗೆ ಟೈಪ್ ಮಾಡಲೇಬೇಕು.

ಮೊದಲು ಚಿತ್ರ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಚಿತ್ರ ಸೇರಿಸುವಾಗ ಚಿತ್ರದ ಬದಲು ಓದಿ ಹೇಳಬೇಕಾದ ವಿವರಣೆ ಬರೆಯುವ ಆಲ್ಟ್ ಟೆಕ್ಸ್ಟ್ ಎಂಬ ಖಾನೆ ಕಾಣುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ‘ಟೊಮೆಟೊ ಫೋಟೊ’ ಎಂದು ಬರೆದರೆ ಕೇಳುವವರಿಗೆ ಏನೂ ಸಿಗದು. ‘ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್‌ಗಳ ಸಾಲಿನ ಮುಂದೆ ನಿಂತು ಹರಾಜು ಕೂಗುತ್ತಿರುವ ಮಂಡಿಯವರು’ ಎಂದು ಬರೆಯಿರಿ. ಅದೇ ಫೋಟೊವನ್ನು ಕಾಯಿ ಕೊಳೆತ ರೋಗದ ಲೇಖನಕ್ಕೆ ಹಾಕಿದರೆ ಹರಾಜಿನ ಮಾತು ಬೇಡ, ಹಣ್ಣಿನ ಮೇಲಿನ ಕಲೆಯ ಬಣ್ಣ, ಗಾತ್ರ ಹೇಳಿ. ಚಿತ್ರ ಆ ಪುಟದಲ್ಲಿ ಯಾಕಿದೆ ಎಂಬುದೇ ಅಳತೆಗೋಲು. ಒಂದೆರಡು ವಾಕ್ಯ ಸಾಕು. ‘ಚಿತ್ರದಲ್ಲಿ’ ಎಂದು ಶುರು ಮಾಡಬೇಡಿ, ಚಿತ್ರ ಎಂದು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಬರೀ ಅಂದಕ್ಕೆ ಹಾಕಿದ ಹೂಬಳ್ಳಿ, ಅಂಚುಗಳಿಗೆ ಖಾನೆ ಖಾಲಿ ಬಿಡಿ.

ಇನ್ನೊಂದು ತಪ್ಪು ಕನ್ನಡಕ್ಕೇ ಅಂಟಿದ್ದು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಓದುವುದು ಆ ಕಲಸುಮೇಲೋಗರವನ್ನೇ. ಬರೆದದ್ದನ್ನು ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಿ ನೋಡಿ, ಕನ್ನಡ ಕಾಣದಿದ್ದರೆ, ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಯುನಿಕೋಡ್‌ಗೆ ಬದಲಿಸಿ. ಸೈಟಿನ ಭಾಷೆಯನ್ನೂ ಸೆಟ್ಟಿಂಗ್ಸ್‌ನಲ್ಲಿ ಕನ್ನಡವೆಂದು ಆರಿಸಿ.

ಆಡಿಯೊ ಸುಲಭ: ಪ್ಲೇಯರ್ ಕೆಳಗೆ ಪೂರ್ತಿ ಮಾತನ್ನು, ಯಾರು ಆಡಿದ್ದೆಂಬುದರ ಸಮೇತ ಬರೆದು ಹಾಕಿ. ಪುಟ ತೆರೆದ ಕೂಡಲೇ ತಾನಾಗಿ ಶಬ್ದ ಬರುವಂತೆ ಇಡಲೇಬೇಡಿ, ಸ್ಕ್ರೀನ್ ರೀಡರ್ ದನಿ ಅದರಡಿ ಮುಳುಗುತ್ತದೆ.

ವಿಡಿಯೊಗೆ ಕ್ಯಾಪ್ಷನ್, ಅಂದರೆ ಮಾತನ್ನು ಪರದೆಯ ಮೇಲೆ ತೋರಿಸುವ ಬರಹ ಬೇಕು. ಯಂತ್ರ ಬರೆದದ್ದನ್ನು ಹಾಗೇ ಬಿಡಬೇಡಿ. ಊರಿನ ಹೆಸರು, ಔಷಧದ ಪ್ರಮಾಣ ತಪ್ಪಿದರೆ ನಷ್ಟ ನಂಬಿದವರದ್ದು. ಒಮ್ಮೆಗೆ ಎರಡು ಸಾಲು ಮೀರದಿರಲಿ. [ಚಪ್ಪಾಳೆ], [ಮೋಟಾರ್ ನಿಂತ ಸದ್ದು] ಇವೂ ಬರಬೇಕು. ಕ್ಯಾಪ್ಷನ್ ಸಾಲುಗಳಿರುವ ಎಸ್‌ಆರ್‌ಟಿ ಕಡತವನ್ನು ಯುನಿಕೋಡ್ ಬಗೆಯಾದ ಯುಟಿಎಫ್-8 ಆಗಿ ಉಳಿಸಿ, ಹಳೆಯ ಬಗೆಯಾದ ಆನ್ಸಿಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಗುತ್ತದೆ. ಕಾಣದವರಿಗಾಗಿ ಚಿತ್ರೀಕರಣದಲ್ಲೇ ಬಾಯಿಬಿಟ್ಟು ಹೇಳಿ. ‘ಇದನ್ನ ಹಿಂಗೆ ತಿರುಗಿಸಿ’ ಎಂದರೆ ಆಗದು, ‘ಎಡಗಡೆ ಇರೋ ಡ್ರಿಪ್ ವಾಲ್ವನ್ನ ಅರ್ಧ ಸುತ್ತು ತಿರುಗಿಸಿ’ ಎನ್ನಬೇಕು. ಇಷ್ಟು ಮಾಡಿದರೆ ಆಮೇಲೆ ಬೇರೆ ವಿವರಣೆಯ ದನಿ ಸೇರಿಸುವ ಕೆಲಸ ಬಹುಪಾಲು ತಪ್ಪುತ್ತದೆ.

ಒಂದು ಸಾಲು ಕೋಡ್ ಸೇರಿಸಿದರೆ ಇಡೀ ಸೈಟ್ ಸರಿಹೋಗುತ್ತದೆಂದು ಮಾರುವ ಪ್ಲಗಿನ್‌ಗಳಿಗೆ ದುಡ್ಡು ಹಾಕಬೇಡಿ. ಚಿತ್ರ ಅಲ್ಲಿ ಯಾಕಿದೆಯೆಂದು ಅವಕ್ಕೆ ಗೊತ್ತಾಗದು, ಅವುಗಳಲ್ಲಿ ಕೆಲವು ಬಳಕೆದಾರರ ಸ್ಕ್ರೀನ್ ರೀಡರ್‌ಗೇ ಅಡ್ಡಬರುತ್ತವೆ.

ಕೊನೆಗೆ ಆಂಡ್ರಾಯ್ಡ್ ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಫೋನಿನದೇ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಆನ್ ಮಾಡಿ. ಆಫ್ ಮಾಡುವ ಬಗೆಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಆನ್ ಆದ ಮೇಲೆ ಗುಂಡಿ ಒತ್ತಲು ಎರಡು ಬಾರಿ ತಟ್ಟಬೇಕು. ಕಣ್ಣು ಮುಚ್ಚಿ, ಬೆರಳನ್ನು ಬಲಕ್ಕೆ ಸವರುತ್ತ ನಿಮ್ಮ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಕೇಳಿ. ಸಭೆಯ ದಿನಾಂಕ ಕಿವಿಗೆ ಬೀಳದಿದ್ದರೆ ಪೋಸ್ಟರ್ ಕೆಳಗೆ ಅದನ್ನು ಇನ್ನೂ ಟೈಪ್ ಮಾಡಿಲ್ಲ ಎಂದರ್ಥ.