ಹೊಸ ಹಾಡುಗಾರರ ಮೊದಲ ಆಲ್ಬಂ ಹುಡುಕಿ ಕೇಳುವುದು ಹೇಗೆ

ಒಂದು ಗಿಟಾರ್ ಹಿಡಿದು, ತಾವೇ ಬರೆದು ತಾವೇ ಹಾಡುವ ಹೊಸಬರು ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಕಾರ್ಯಕ್ರಮ ಕೊಡುವುದು ಕಡಿಮೆ. ಹಾಗಾಗಿ ಹುಡುಕಾಟವೆಲ್ಲ ಫೋನಿನಲ್ಲೇ. ಆ್ಯಪ್ ತಾನಾಗಿ ತೋರಿಸಲಿ ಅಂತ ಸುಮ್ನೆ ಕೂರಬೇಡಿ. ಜಾಸ್ತಿ ಜನ ಕೇಳಿದ್ದನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ, ನಿನ್ನೆ ಮೊನ್ನೆ ಆಲ್ಬಂ ಬಿಟ್ಟವರ ಸರದಿ ಬರುವಷ್ಟರಲ್ಲಿ ನಿಮಗೇ ಬೇಜಾರಾಗಿರುತ್ತದೆ.

ನನ್ನ ದಾರಿ ಬೇರೆ. ನಿಮಗೆ ಈಗಾಗಲೇ ಇಷ್ಟವಾಗಿರುವ ಒಂದು ಅಕೌಸ್ಟಿಕ್ (ಎಲೆಕ್ಟ್ರಿಕ್ ವಾದ್ಯಗಳಿಲ್ಲದ) ಹಾಡು ತೆಗೆಯಿರಿ. ಮೂರು ಚುಕ್ಕಿ ಒತ್ತಿ ಕ್ರೆಡಿಟ್ಸ್ ನೋಡಿ. ಗಿಟಾರ್ ನುಡಿಸಿದ್ದು ಯಾರು, ರೆಕಾರ್ಡ್ ಮಾಡಿದ್ದು ಯಾರು, ಮಿಕ್ಸ್ ಮಾಡಿದ್ದು, ಅಂದ್ರೆ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ್ದು ಯಾರು? ಆ ಹೆಸರುಗಳನ್ನೇ ಹುಡುಕಿ. ಸಣ್ಣ ಸ್ಟುಡಿಯೋದಲ್ಲಿ ಕೂತು ಮಿಕ್ಸ್ ಮಾಡುವವರ ಕೈಯಲ್ಲಿ ಸಾಮಾನ್ಯವಾಗಿ ಇನ್ನೂ ನಾಲ್ಕಾರು ಹೊಸಬರ ಕೆಲಸ ಇರುತ್ತದೆ. ಹಾಡುಗಾರರು ನೇರವಾಗಿ ಆಲ್ಬಂ ಮಾರುವ ಅಮೆರಿಕದ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಾದರೆ ಫೋಕ್, ಅಕೌಸ್ಟಿಕ್ ಅನ್ನುವ ಟ್ಯಾಗ್ ಜೊತೆಗೆ ಊರಿನ ಹೆಸರೂ ಕೊಟ್ಟು ಹೊಸದು ಮೊದಲು ಬರುವ ಹಾಗೆ ಜೋಡಿಸಿಕೊಳ್ಳಿ.

ಸಿಕ್ಕ ಮೇಲೆ ಡೌನ್‌ಲೋಡ್ ಮಾಡಿಕೊಳ್ಳಿ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತಿದರೂ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೂ ನೆಟ್‌ವರ್ಕ್ ಅಲ್ಲಲ್ಲಿ ಕೈಕೊಡುತ್ತದೆ, ಹಾಡು ಚರಣದ ಮಧ್ಯೆ ನಿಂತುಬಿಡುತ್ತದೆ. ಶಫಲ್ ಆಫ್ ಮಾಡಿ. ಬಾಸ್ ಬೂಸ್ಟ್ ಕೂಡ. ಫೋನಿನ ಸ್ಪೀಕರ್ ಬೇಡವೇ ಬೇಡ: ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್, ಅಷ್ಟು ಕೆಳಗಿನ ದನಿ ಆ ಪುಟ್ಟ ಸ್ಪೀಕರ್‌ನಲ್ಲಿ ಸರಿಯಾಗಿ ಬರುವುದಿಲ್ಲ. ನೂರಿನ್ನೂರು ರೂಪಾಯಿಯ ವೈರ್ ಇಯರ್‌ಫೋನೇ ವಾಸಿ. ಅಂದಹಾಗೆ ಮಳೆ, ಕಾಫಿ, ಗಿಟಾರ್ ಅಂತೆಲ್ಲ ಫೋಟೋ ಹಾಕುತ್ತಾರಲ್ವಾ, ಜುಲೈ ಮಳೆಯಲ್ಲಿ ಶೀಟಿನ ಸೂರಿನ ಕೆಳಗೆ ಕೂತು ನೋಡಲಿ, ಗಿಟಾರ್ ಹೋಗಲಿ, ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ.

ಮೊದಲ ಸಲ ಶುರುವಿನಿಂದ ಕೊನೆವರೆಗೆ ಒಂದೇ ಸಮ ಓಡಲು ಬಿಟ್ಟುಬಿಡಿ. ಸುಲಭವಾಗಿ ಬಾಯಿಗೆ ಹತ್ತುವ ಹಾಡನ್ನು ಸಾಮಾನ್ಯವಾಗಿ ಮುಂದೆಯೇ ಇಟ್ಟಿರುತ್ತಾರೆ. ಅದೊಂದು ಕೇಳಿ ತೀರ್ಪು ಕೊಡಬೇಡಿ, ಕೊನೆಯ ಮೂರು ಹಾಡುಗಳಲ್ಲಿ ಅವರು ನಿಜವಾಗಿ ಎಂಥವರು ಅಂತ ಗೊತ್ತಾಗುತ್ತದೆ.

ಎರಡನೇ ಸಲ ಬರೀ ಹೆಬ್ಬೆರಳನ್ನು ಕೇಳಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತಾಳ ಹಿಡಿದಿರುತ್ತದೆ, ಉಳಿದ ಬೆರಳು ಸಣ್ಣ ತಂತಿಗಳ ಮೇಲೆ ರಾಗ ನುಡಿಸುತ್ತವೆ. ಒಬ್ಬರೇ ನುಡಿಸಿದ್ದು ಇಬ್ಬರ ಹಾಗೆ ಕೇಳಿಸುವುದು ಇದರಿಂದಲೇ. ಬೆರಳು ಗಿಟಾರಿನ ಒಂದು ಮನೆಯಿಂದ (ಫ್ರೆಟ್) ಇನ್ನೊಂದಕ್ಕೆ ಜಾರುವಾಗ ತಂತಿ ಕಿರ್ ಅನ್ನುತ್ತದೆ, ಸಾಲು ಶುರುವಾಗುವ ಮುಂಚೆ ಉಸಿರು ಎಳೆದುಕೊಂಡಿದ್ದು ಕೇಳಿಸುತ್ತದೆ. ಅದನ್ನೆಲ್ಲ ಪೂರ್ತಿ ಒರೆಸಿ ತೆಗೆದ ಆಲ್ಬಂ ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಕನ್ನಡದ ಆಲ್ಬಂ ಆಗಿದ್ದರೆ ಇನ್ನೊಂದು ಪರೀಕ್ಷೆ ಇದೆ, ನಾನು ಜಾಸ್ತಿ ನಂಬುವುದು ಇದನ್ನೇ. ಹ್ರಸ್ವ ದೀರ್ಘ ನೋಡಿ. ರಾಗ ಮೊದಲು ಗುನುಗಿಕೊಂಡು ಆಮೇಲೆ ಪದ ತುರುಕಿದ್ದರೆ ‘ಮನೆ’ ಹೋಗಿ ‘ಮಾನೆ’ ಆಗಿರುತ್ತದೆ, ‘ಹಸಿವು’ ‘ಹಾಸಿವು’ ಆಗಿರುತ್ತದೆ. ಪದವನ್ನು ಬಾಯಲ್ಲಿ ಆಡಿ ನೋಡಿ ರಾಗ ಹಾಕಿದವರಲ್ಲಿ ಈ ಎಳೆದಾಟ ಇರುವುದಿಲ್ಲ. ನಮ್ಮ ಸೋಬಾನೆ ಪದ, ಕೋಲಾಟದ ಪದ, ತತ್ವಪದಗಳನ್ನು ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ಗೊತ್ತಾಗುತ್ತದೆ. ಅಭ್ಯಾಸ ಇಲ್ಲದಿದ್ದರೆ ಆಕಾಶವಾಣಿಯಲ್ಲಿ ಜಾನಪದ ಹಾಡು ಬರುವಾಗ ಸ್ವಲ್ಪ ಕಿವಿಗೊಡಿ.

ಮೊದಲ ಆಲ್ಬಂನಲ್ಲಿ ಹಳೆಯ ಹಾಡೋ ಬೇರೆಯವರ ಹಾಡೋ ಇದ್ದರೆ ಮೂಗು ಮುರಿಯಬೇಡಿ. 1962ರಲ್ಲಿ ಬಂದ, ಅಮೆರಿಕದ ಹಾಡುಗಾರ ಬಾಬ್ ಡಿಲನ್‌ರ ಮೊದಲ ಆಲ್ಬಂನ 13 ಹಾಡುಗಳಲ್ಲಿ ಅವರೇ ಬರೆದದ್ದು ಎರಡೇ ಎರಡು. ಮುಂದಿನ ವರ್ಷದ ಆಲ್ಬಂ ಬಹುಪಾಲು ಅವರದೇ. ನಮ್ಮ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲೂ ಶಿಶುನಾಳ ಶರೀಫರ ತತ್ವಪದ ಇದೆ.

ಇಷ್ಟವಾದರೆ ದುಡ್ಡು ಕೊಟ್ಟು ಕೊಳ್ಳಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡನ್ನು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಆ ಹಾಡಿಗೆ ರಾಯಲ್ಟಿಯೇ ಇಲ್ಲ. ಹೊಸಬರಲ್ಲಿ ಎಷ್ಟೋ ಜನ ಇದರ ಕೆಳಗೇ ಉಳಿಯುತ್ತಾರೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಆಲ್ಬಂ ಮೇಲೆ ಸಾಮಾನ್ಯವಾಗಿ ಶೇ. 15 ಹಿಡಿದುಕೊಳ್ಳುತ್ತದೆ, ಪಾವತಿ ಶುಲ್ಕ ಕಳೆದು ಉಳಿದದ್ದು ಹಾಡಿದವರಿಗೆ. ಕೊಳ್ಳುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ನಿಮ್ಮ ಕಾರ್ಡಿಗೆ ವಿದೇಶಿ ಪಾವತಿ ಆನ್ ಮಾಡಿಕೊಳ್ಳಿ, ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ. ಫೈಲ್ ಯಾವುದು ಬೇಕು ಅಂತ ಕೇಳಿದಾಗ ದನಿಯ ಗುಣಮಟ್ಟ ಇಳಿಸದ ಫ್ಲಾಕ್ ಆರಿಸಿ, ಫೋನಿನಲ್ಲಿ ಜಾಗ ಇಲ್ಲದಿದ್ದರೆ ಅದಕ್ಕಿಂತ ಚಿಕ್ಕದಾದ 320ರ ಎಂಪಿ3 ಸಾಕು.